ಕಿವಿಗಾಗಿ ಕಟ್ಟಿದ ಕಟ್ಟಡಗಳು



ಹುಣಸೂರಿನಿಂದಲೋ ಕೆ.ಆರ್. ನಗರದಿಂದಲೋ ಶಾಲಾಮಕ್ಕಳ ಪ್ರವಾಸದ ಬಸ್ಸು ಮೈಸೂರಿಗೆ ಹೊರಟರೆ, ನೋಡಬೇಕಾದ ಜಾಗಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ: ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಅಶೋಕ ರಸ್ತೆಯ ಫಿಲೋಮಿನಾ ಚರ್ಚು. ಚರ್ಚಿನ ಮುಂದೆ ಮೇಷ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗೋಪುರ ತೋರಿಸುತ್ತಾರೆ. ಮಕ್ಕಳು ಕತ್ತೆತ್ತಿ ನೋಡುತ್ತವೆ. ಒಂದು ಫೋಟೊ ಆಗುತ್ತದೆ. ಬಸ್ಸು ಮುಂದಕ್ಕೆ ಹೋಗುತ್ತದೆ. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಬಂದ ದೊಡ್ಡವರೂ ಹೆಚ್ಚು ಕಡಿಮೆ ಹೀಗೆಯೇ ನೋಡಿ ಬರುತ್ತಾರೆ. ಹೆಸರಾದ ಕಟ್ಟಡ ಎಂದರೆ ಕಣ್ಣಿಗೆ ಸಂಬಂಧಪಟ್ಟದ್ದು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ನಾನು ಹೇಳಹೊರಟಿರುವುದು ಕಿವಿಯ ಮಾತು. ನೂರಾರು ಜನರನ್ನು ಒಂದೆಡೆ ಕೂರಿಸಿ, ಒಬ್ಬರ ದನಿಯನ್ನು ಎಲ್ಲರಿಗೂ ಮುಟ್ಟಿಸುವ ಕೆಲಸಕ್ಕೆಂದು ಮನುಷ್ಯರು ಹಿಂದಿನಿಂದಲೂ ಎರಡು ಬಗೆಯ ಕಟ್ಟಡಗಳನ್ನು ಕಟ್ಟುತ್ತ ಬಂದಿದ್ದಾರೆ. ಒಂದು ಪ್ರಾರ್ಥನೆಯ ಆಲಯ, ಇನ್ನೊಂದು ನಾಟಕಶಾಲೆ. ಮೈಕು ಬಂದದ್ದು ಮೊನ್ನೆ ಮೊನ್ನೆ. ಅದಕ್ಕೂ ಮುಂಚಿನ ಎರಡು ಮೂರು ಸಾವಿರ ವರ್ಷ, ದನಿಯನ್ನು ಹೊತ್ತೊಯ್ಯುವ ಕೆಲಸವನ್ನು ಗೋಡೆ, ಚಾವಣಿ, ಮೆಟ್ಟಿಲುಗಳೇ ಮಾಡುತ್ತಿದ್ದವು. ಬಾನುಲಿಯಲ್ಲಿ ಕಟ್ಟಡವನ್ನು ತೋರಿಸಲಾಗದು ಎಂಬ ಕೊರತೆ ಈ ವಿಷಯದ ಮಟ್ಟಿಗೆ ಅನುಕೂಲವೇ ಆಗಿದೆ.

ಫಿಲೋಮಿನಾ ಚರ್ಚಿನಿಂದಲೇ ಶುರುಮಾಡೋಣ. ಆ ಜಾಗದಲ್ಲಿ 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಒಂದು ಚರ್ಚು ಎದ್ದಿತ್ತು. 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು ಸಂತ ಫಿಲೋಮಿನಾಳ ಪವಿತ್ರ ಅವಶೇಷವೊಂದನ್ನು ಪಡೆದು ತಂದರು. ಅದಕ್ಕೆ ತಕ್ಕ ಆಲಯ ಬೇಕೆಂದು ಅಲ್ಲಿನ ಪಾದ್ರಿಗಳು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಕೇಳಿಕೊಂಡರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಅಡಿಗಲ್ಲು ಇಟ್ಟರು. ಮೈಸೂರಿನ ಧರ್ಮಾಧ್ಯಕ್ಷರ ಪೀಠ ಇರುವುದು ಇಲ್ಲಿಯೇ ಆದ್ದರಿಂದ ಇದು ಕೆಥೆಡ್ರಲ್, ಕನ್ನಡ ಕ್ರೈಸ್ತರ ಮಾತಿನಲ್ಲಿ ಪ್ರಧಾನಾಲಯ. ಅಧಿಕೃತ ಹೆಸರಿನಲ್ಲಿ ಫಿಲೋಮಿನಾಳ ಜೊತೆಗೆ ಸಂತ ಜೋಸೆಫರೂ ಇದ್ದಾರೆ.

ಕಟ್ಟಡಕ್ಕೆ ಮಾದರಿಯಾದದ್ದು ಜರ್ಮನಿಯ ಕೊಲೋನ್ ಪಟ್ಟಣದ ಕೆಥೆಡ್ರಲ್. ಅದರ ಕೆಲಸ ಶುರುವಾದದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಡುವೆ ಕೆಲವು ನೂರು ವರ್ಷ ಕೆಲಸವೇ ನಿಂತಿತ್ತು. ಅದರ ಅವಳಿ ಗೋಪುರಗಳು 157 ಮೀಟರು, ಅಂದರೆ ಐನೂರು ಅಡಿಗೂ ಮೀರಿದ ಎತ್ತರ. ನಮ್ಮ ಫಿಲೋಮಿನಾದ ಗೋಪುರಗಳು 175 ಅಡಿ. ಕೊಲೋನಿನ ಮೂರರಲ್ಲೊಂದು ಪಾಲು ಎಂದರೂ, ತಗ್ಗು ಹೆಂಚಿನ ಮನೆಗಳ ಅಂದಿನ ಮೈಸೂರಿನಲ್ಲಿ ಅದು ಆಕಾಶ ಮುಟ್ಟಿದ ಎತ್ತರವೇ.

ಒಳಗೆ ಹೋಗೋಣ. ಇಡೀ ಕಟ್ಟಡದ ತಳವಿನ್ಯಾಸ ಶಿಲುಬೆಯ ಆಕಾರದ್ದು. ಬಾಗಿಲಿನಿಂದ ಬಲಿಪೀಠದವರೆಗೆ ಉದ್ದನೆಯ ಹಜಾರ, ಬಲಿಪೀಠದ ಹತ್ತಿರ ಎಡಬಲಕ್ಕೆ ಚಾಚಿದ ಎರಡು ತೋಳು. ಹಜಾರದಲ್ಲಿ ಸುಮಾರು 800 ಜನ ಕೂರಬಹುದು. ಎರಡೂ ಬದಿಗೆ ಕಂಬಗಳ ಸಾಲು, ಕಂಬದಿಂದ ಕಂಬಕ್ಕೆ ಮೊನಚು ಕಮಾನು. ಕಿಟಕಿಗಳಲ್ಲಿ ಬಣ್ಣದ ಗಾಜು: ಕ್ರಿಸ್ತನ ಸ್ನಾನದೀಕ್ಷೆ, ಕಡೆಯ ರಾತ್ರಿಯ ಭೋಜನ, ಶಿಲುಬೆಗೇರಿದ್ದು, ಪುನರುತ್ಥಾನ. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಫಿಲೋಮಿನಾಳ ಪ್ರತಿಮೆ. ಇಷ್ಟನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಅವರು ಹೇಳದ ಒಂದು ಕೆಲಸ ಮಾಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳಿ. ಮುಂದೆ ಎಲ್ಲೋ ಯಾರೋ ಮಂಡಿಯೂರಿದ್ದವರು ಎದ್ದಾಗ ಬೆಂಚಿನ ಕಾಲು ನೆಲಕ್ಕೆ ಕರ್ ಎಂದು ಉಜ್ಜುತ್ತದೆ. ಆ ಸದ್ದು ಅಲ್ಲಿಗೇ ಮುಗಿಯುವುದಿಲ್ಲ. ಮೇಲಕ್ಕೆ ಏರುತ್ತದೆ, ಕಮಾನುಗಳ ನಡುವೆ ಹರಡುತ್ತದೆ, ಒರಟುತನ ಕಳೆದುಕೊಂಡು ದುಂಡಗಾಗುತ್ತದೆ, ಕೊನೆಗೆ ಎಲ್ಲಿಂದ ಬಂತೆಂದೇ ತಿಳಿಯದಂತೆ ಕರಗುತ್ತದೆ.

ಇದಕ್ಕೆ ಅನುರಣನ ಎನ್ನುತ್ತಾರೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಕಲ್ಲು, ಗಾರೆ, ಗಾಜು ಅದನ್ನು ಹೀರಿಕೊಳ್ಳುವುದು ಬಹಳ ಕಡಿಮೆ, ವಾಪಸು ಎಸೆಯುವುದೇ ಹೆಚ್ಚು. ಹಾಗಾಗಿ ಒಂದೇ ಸದ್ದು ಗೋಡೆಯಿಂದ ಗೋಡೆಗೆ, ಚಾವಣಿಯಿಂದ ನೆಲಕ್ಕೆ ನೂರಾರು ಸಲ ಬಡಿದು ಸಣ್ಣಗಾಗುತ್ತ ಹೋಗುತ್ತದೆ. ಕೋಣೆ ದೊಡ್ಡದಾದಷ್ಟೂ ಸದ್ದು ಉಳಿಯುವ ಹೊತ್ತು ಹೆಚ್ಚು, ಹೀರಿಕೊಳ್ಳುವ ವಸ್ತು ಹೆಚ್ಚಾದಷ್ಟೂ ಕಡಿಮೆ. ಈ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೆಬೈನ್ ಎಂಬ ಅಧ್ಯಾಪಕರು. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಸೆಬೈನ್ ಅದೇ ವಿಶ್ವವಿದ್ಯಾಲಯದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊರಿಸಿಕೊಂಡು ಬಂದು, ಎಷ್ಟು ಮೆತ್ತೆ ಹಾಸಿದರೆ ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಮಂದಿರದ ಕಾಯಿಲೆಗೆ ಮದ್ದು ಸಿಕ್ಕಿದ್ದು ನಾಟಕಶಾಲೆಯ ಮೆತ್ತೆಯಿಂದ.

ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಅಡಗಬೇಕು. ಕೊಲೋನಿನಂಥ ಮಹಾ ಕೆಥೆಡ್ರಲ್‌ಗಳಲ್ಲಿ ಅದು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತದೆ. ನಾವು ಮಾತಾಡುವಾಗ ಸೆಕೆಂಡಿಗೆ ಐದಾರು ಅಕ್ಷರ ಬಾಯಿಂದ ಹೊರಡುತ್ತವೆ. ಹತ್ತು ಸೆಕೆಂಡಿನ ಅನುರಣನ ಎಂದರೆ ಐವತ್ತು ಅರವತ್ತು ಅಕ್ಷರಗಳು ಒಟ್ಟೊಟ್ಟಿಗೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಯಾವುದೂ ಯಾರಿಗೂ ತಿಳಿಯುವುದಿಲ್ಲ. ಹಾಗಾದರೆ ಯುರೋಪಿನವರು ಕೇಳಿಸದ ಕಟ್ಟಡ ಕಟ್ಟಿಕೊಂಡು ಏನು ಮಾಡುತ್ತಿದ್ದರು? ಹಾಡುತ್ತಿದ್ದರು. ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು, ಅದರ ಮುಖ್ಯ ಭಾಗಗಳನ್ನು ನಿಧಾನವಾಗಿ, ಒಂದೊಂದು ಸ್ವರವನ್ನೂ ಎಳೆದು ಹಾಡುತ್ತಿದ್ದರು. ಹಿಂದಿನ ಸ್ವರ ಗಾಳಿಯಲ್ಲಿರುವಾಗಲೇ ಮುಂದಿನ ಸ್ವರ ಬಂದು ಸೇರಿ ಶ್ರುತಿಗೆ ಶ್ರುತಿ ಕೂಡುತ್ತಿತ್ತು. ಕಟ್ಟಿದವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಎತ್ತರ ಮತ್ತು ಬೆಳಕು, ಸದ್ದು ಅದರ ಬೆನ್ನಿಗೆ ಬಂತು. ಬಂದ ಸದ್ದಿಗೆ ತಕ್ಕಂತೆ ಹಾಡು ಬೆಳೆಯಿತು.

ಈಗ ಮೈಸೂರಿಗೆ ವಾಪಸು ಬನ್ನಿ. ಕನ್ನಡ ಕಲಿತು ಕನ್ನಡದಲ್ಲೇ ಕ್ರೈಸ್ತಧರ್ಮ ಬೋಧಿಸಿದ ಪಾದ್ರಿಗಳು ಈ ಸೀಮೆಗೆ ಬಂದದ್ದು ಹದಿನೇಳನೇ ಶತಮಾನದಲ್ಲಿ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1649ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿದ್ದರು, ಕನ್ನಡದಲ್ಲಿ ಬರೆದರು. ಬೋಧನೆ ಕನ್ನಡದಲ್ಲಿ ನಡೆದರೂ ಬಲಿಪೂಜೆ ಮಾತ್ರ ಇನ್ನೂ ಮುನ್ನೂರು ವರ್ಷ ಲ್ಯಾಟಿನ್ನಿನಲ್ಲೇ ಉಳಿಯಿತು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಹಾಡಿಗೆ ಹೇಳಿಮಾಡಿಸಿದಂಥ ಎತ್ತರದ ಕಮಾನುಗಳ ಕೆಳಗೆ ಕನ್ನಡದ ಮಾತು ಬಂತು. ಹಾಡು ಗುಂಯ್ ಎಂದರೆ ಚೆಂದ. ಆದರೆ ಶುಭಸಂದೇಶದ ಸಾಲು, ಪ್ರಬೋಧನೆಯ ಮಾತು ಅರ್ಥವಾಗದೆ ಹೋದರೆ ಜನರ ಭಾಷೆಗೆ ತಂದ ಉದ್ದೇಶವೇ ಕೆಡುತ್ತದೆ. ಇಂಥ ಹಳೆಯ ದೊಡ್ಡ ಚರ್ಚುಗಳಲ್ಲಿ ಕಂಬ ಕಂಬಕ್ಕೂ ಸಣ್ಣ ಸ್ಪೀಕರು ಕಟ್ಟುವುದು ಅದಕ್ಕೇ. ಒಂದೇ ದೊಡ್ಡ ಸ್ಪೀಕರಿನಿಂದ ಅರಚುವುದಕ್ಕಿಂತ ಪ್ರತಿ ಸಾಲಿನ ಕಿವಿಯ ಹತ್ತಿರವೇ ಮೆಲುದನಿಯಲ್ಲಿ ಹೇಳಿದರೆ ಕಮಾನಿಗೆ ಏರುವ ಸದ್ದು ಕಡಿಮೆಯಾಗುತ್ತದೆ.

ಮಾತಿನ ವಿಷಯ ಬಂದಮೇಲೆ ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಯನ್ನು ಬಿಡುವಂತಿಲ್ಲ. ಹೊಲ ಉಳುತ್ತಿದ್ದ ರೈತನಿಗೆ ಮರದ ಮೂರ್ತಿಯೊಂದು ಸಿಕ್ಕಿತು, ಊರವರು ಅದನ್ನು ಯಾರೋ ಸಂನ್ಯಾಸಿಯದೆಂದು ತಿಳಿದು ಗುಡಿ ಕಟ್ಟಿ ಪೂಜಿಸಿದರು, ಆಮೇಲೆ ಬಂದ ಪಾದ್ರಿಗಳು ಅದು ಪಾದುವದ ಸಂತ ಅಂತೋಣಿ ಎಂದು ಗುರುತಿಸಿದರು ಎಂಬುದು ಅಲ್ಲಿನ ಐತಿಹ್ಯ. 2019ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಆ ಆಲಯಕ್ಕೆ ಬಸಿಲಿಕಾ ಎಂಬ ಗೌರವ ಕೊಟ್ಟರು. ಕರ್ನಾಟಕದಲ್ಲಿ ಇದಕ್ಕೆ ಮೊದಲು ಆ ಗೌರವ ಇದ್ದದ್ದು ಎರಡಕ್ಕೆ ಮಾತ್ರ: ಬೆಂಗಳೂರು ಶಿವಾಜಿನಗರದ ಸಂತ ಮೇರಿ, ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್. ಹಳ್ಳಿಯೊಂದಕ್ಕೆ ದೊಡ್ಡ ಹೆಸರೇ.

ಈ ಅಂತೋಣಿ ಯಾರೆಂದು ಸ್ವಲ್ಪ ನೋಡಿ. ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್, ತೀರಿಕೊಂಡದ್ದು 1231ರ ಜೂನ್ 13ರಂದು ಇಟಲಿಯ ಪಾದುವದಲ್ಲಿ. ಹೆಸರಾದದ್ದು ಮಾತಿನಿಂದ. ಅವರ ಮಾತು ಕೇಳಲು ಮೀನುಗಳು ನೀರಿನಿಂದ ತಲೆ ಎತ್ತಿದವು ಎಂಬ ಕಥೆಯೇ ಇದೆ. ತೀರಿಕೊಂಡು ಮೂವತ್ತೆರಡು ವರ್ಷದ ಮೇಲೆ, 1263ರಲ್ಲಿ, ಅವರ ಶರೀರವನ್ನು ಹೊಸ ಆಲಯಕ್ಕೆ ಸಾಗಿಸುವಾಗ ನಾಲಿಗೆ ಮಾತ್ರ ಕೊಳೆಯದೆ ಉಳಿದಿತ್ತಂತೆ. ಆ ನಾಲಿಗೆಯನ್ನು ಪಾದುವದ ಬಸಿಲಿಕಾದಲ್ಲಿ ಇಂದಿಗೂ ಜತನವಾಗಿ ಇಟ್ಟಿದ್ದಾರೆ. ನಾಲಿಗೆಗೆ ಪೂಜೆ ಸಲ್ಲುವ ಸಂತನೊಬ್ಬ ನಮ್ಮ ಕಾವೇರಿ ಬಯಲಿನ ಹಳ್ಳಿಯಲ್ಲಿ ನೆಲೆಯಾಗಿದ್ದಾನೆ. ಜೂನ್ 13ರ ಹಬ್ಬಕ್ಕೆ ಜಾತಿಮತ ನೋಡದೆ ಜನ ಬರುತ್ತಾರೆ. ಆ ದಿನ ಜನ ಯಾವ ಕಟ್ಟಡದೊಳಗೂ ಹಿಡಿಸುವವರಲ್ಲ, ಊರ ಬಯಲೇ ಆಲಯವಾಗುತ್ತದೆ.

ದನಿ ಕೇಳಿಸಬೇಕೆಂದು ಕಟ್ಟುವುದು ಒಂದು ಬಗೆಯಾದರೆ, ಹೊರಗಿನ ಸದ್ದು ಕೇಳಿಸದಂತೆ ಕಟ್ಟುವುದು ಇನ್ನೊಂದು ಬಗೆ. ಅದಕ್ಕೂ ಕೆ.ಆರ್. ನಗರ ಸೀಮೆಯಲ್ಲೇ ಉದಾಹರಣೆ ಇದೆ. ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು ಅರವತ್ತು ಅಡಿ ಧುಮ್ಮಿಕ್ಕುತ್ತಾಳೆ. ದಡದಲ್ಲೇ ಕೋದಂಡರಾಮನ ಗುಡಿ. ಮಳೆಗಾಲದಲ್ಲಿ ಗುಡಿಯ ಅಂಗಳದಲ್ಲಿ ಪಕ್ಕದವರ ಮಾತು ಕೇಳಬೇಕಾದರೆ ಕಿವಿಗೊಡಬೇಕು. ಆದರೆ ಗರ್ಭಗುಡಿಯ ಮುಂದೆ ನಿಂತರೆ ಜಲಪಾತದ ಸದ್ದು ಇಲ್ಲ ಎನ್ನುವುದು ಅಲ್ಲಿನವರ ಹೆಮ್ಮೆ. ಅದಕ್ಕೆ ಒಂದು ಸ್ಥಳಪುರಾಣವೂ ಉಂಟು. ಪುರಾಣ ಅದರ ಪಾಡಿಗೆ ಇರಲಿ, ಕಟ್ಟಡವೂ ಒಂದು ಉತ್ತರ ಹೇಳುತ್ತದೆ. ನಮ್ಮ ಗರ್ಭಗುಡಿಗೆ ಕಿಟಕಿ ಇರುವುದಿಲ್ಲ. ಗೋಡೆ ದಪ್ಪ ಕಲ್ಲಿನದು. ಬಾಗಿಲು ಒಂದೇ, ಅದೂ ನೇರ ಬಯಲಿಗೆ ತೆರೆಯದೆ ಸುಕನಾಸಿ, ನವರಂಗಗಳನ್ನು ದಾಟಿ ತೆರೆಯುತ್ತದೆ. ಸದ್ದು ಒಂದೊಂದು ಅಂಕಣ ದಾಟುವಾಗಲೂ ಸೋಲುತ್ತದೆ. ಅರ್ಚಕರ ಮಂತ್ರವಾದರೋ ಹೊರಗೆ ಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಸಣ್ಣ ಕಲ್ಲಿನ ಕೋಣೆಯಲ್ಲಿ ಓಂಕಾರ ಅಷ್ಟು ಗಂಭೀರವಾಗಿ ಕೇಳುವುದಕ್ಕೂ ಕಾರಣ ಅದೇ ಗೋಡೆ.

ಇನ್ನು ನಾಟಕಶಾಲೆ. ಇಲ್ಲಿ ಒಂದೊಂದು ಅಕ್ಷರವೂ ತಿಳಿಯಬೇಕು. ಹಾಸ್ಯಗಾರನ ಚಟಾಕಿ ಹಿಂದಿನ ಸಾಲಿಗೆ ಎರಡು ಸೆಕೆಂಡು ತಡವಾಗಿ, ಕಲಸಿಹೋಗಿ ತಲುಪಿದರೆ ನಗೆ ಸತ್ತಂತೆಯೇ.

ಭರತನ ನಾಟ್ಯಶಾಸ್ತ್ರ ಇದನ್ನು ಎರಡನೆಯ ಅಧ್ಯಾಯದಲ್ಲೇ ಎತ್ತಿಕೊಳ್ಳುತ್ತದೆ. ನಾಟ್ಯಗೃಹ ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ಅಳತೆ ಹೇಳಿ, ಮನುಷ್ಯರಿಗೆ ಮಧ್ಯಮವೇ ಸರಿ ಎನ್ನುತ್ತದೆ. ತೀರ ದೊಡ್ಡದಾದರೆ ನಟನ ಮಾತು ಒಡೆದು ಅಸ್ಪಷ್ಟವಾಗುತ್ತದೆ, ಮುಖದ ಭಾವವೂ ಕಾಣದು ಎಂಬುದು ಅದು ಕೊಡುವ ಕಾರಣ. ಮಧ್ಯಮ ಎಂದರೆ 64 ಮೊಳ ಉದ್ದ, 32 ಮೊಳ ಅಗಲ. ಮೊಳಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ರಂಗಕ್ಕೂ ನೇಪಥ್ಯಕ್ಕೂ ಹೋದರೆ, ಕಡೆಯ ಪ್ರೇಕ್ಷಕ ರಂಗದಿಂದ ಐವತ್ತು ಅಡಿಯೊಳಗೇ ಇರುತ್ತಾನೆ. ಮತ್ತೂ ಒಂದು ಮಾತಿದೆ: ನಾಟ್ಯಗೃಹ ಬೆಟ್ಟದ ಗವಿಯ ಆಕಾರದಲ್ಲಿರಬೇಕು, ಕಿಟಕಿಗಳು ಸಣ್ಣವಿರಬೇಕು, ಗಾಳಿ ನುಗ್ಗಬಾರದು, ಆಗ ದನಿ ಗಂಭೀರವಾಗಿರುತ್ತದೆ ಎಂದು. ಇಂದಿನ ಇಂಜಿನಿಯರು ಕಂಪ್ಯೂಟರಿನಲ್ಲಿ ಹುಡುಕುವುದೂ ಇಂಥದೇ ಸೂತ್ರವನ್ನು.

ಗ್ರೀಸಿನವರು ಬೇರೆ ದಾರಿ ಹಿಡಿದರು. ಅವರಿಗೆ ಚಾವಣಿಯೇ ಬೇಡವಾಯಿತು, ಬೆಟ್ಟದ ಇಳಿಜಾರನ್ನೇ ಮೆಟ್ಟಿಲಾಗಿ ಕಡೆದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಎಪಿಡೌರಸ್ ಬಯಲು ರಂಗಮಂದಿರದಲ್ಲಿ 55 ಸಾಲು ಸುಣ್ಣಕಲ್ಲಿನ ಮೆಟ್ಟಿಲುಗಳಿವೆ, ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಚಾವಣಿ ಇಲ್ಲದ್ದರಿಂದ ಅನುರಣನದ ಕಾಟ ಬಹಳ ಕಡಿಮೆ. ಮೆಟ್ಟಿಲು ಕಡಿದಾಗಿರುವುದರಿಂದ ಮುಂದಿನವರ ತಲೆ ಹಿಂದಿನವರ ಕಿವಿಗೆ ಅಡ್ಡ ಬರುವುದಿಲ್ಲ. ಮೆಟ್ಟಿಲುಗಳ ಏರಿಳಿತ ಗಾಳಿಯ, ಜನರ ಗುಜುಗುಜಿನ ತಗ್ಗು ಸದ್ದನ್ನು ಅಡಗಿಸಿ ಮಾತಿನ ದನಿಯನ್ನು ಮಾತ್ರ ಮೇಲೆ ಕಳಿಸುತ್ತದೆ ಎಂದು 2007ರಲ್ಲಿ ವಿಜ್ಞಾನಿಗಳು ವಿವರಿಸಿದರು. ಕೆಳಗೆ ಸೂಜಿ ಬಿದ್ದರೂ ಕಡೆಯ ಸಾಲಿಗೆ ಕೇಳುತ್ತದೆ ಎಂದು ಪ್ರವಾಸಿಗರಿಗೆ ಹೇಳುವುದುಂಟು. 2017ರಲ್ಲಿ ಡಚ್ ಸಂಶೋಧಕರು ಹೋಗಿ ಅಳೆದು ನೋಡಿದರು. ಪಿಸುಮಾತು ಅಲ್ಲಿಯವರೆಗೆ ಹೋಗುವುದಿಲ್ಲ. ಗಂಟಲು ಪಳಗಿದ ನಟ ಎತ್ತಿ ಆಡಿದ ಮಾತು ಮಾತ್ರ ಹೋಗುತ್ತದೆ. ನನಗೆ ಈ ಎರಡನೆಯ ಸುದ್ದಿಯೇ ಹೆಚ್ಚು ಹಿಡಿಸಿತು. ಕಟ್ಟಡ ಅರ್ಧ ಕೆಲಸ ಮಾಡಿದರೆ ಇನ್ನರ್ಧವನ್ನು ನಟನೇ ಮಾಡಬೇಕಿತ್ತು.

ಮೈಸೂರಿನಲ್ಲೂ ಹಾಗೆಯೇ. 1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಕರ್ನಾಟಕ ನಾಟಕ ಸಭೆಗೆ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗ ನಟರ ಹತ್ತಿರ ಇದ್ದದ್ದು ಗಂಟಲು ಒಂದೇ. ಅದೇ ದಶಕದಲ್ಲಿ, 1884ರಲ್ಲಿ, ದಿವಾನ್ ರಂಗಾಚಾರ್ಲು ಅವರ ನೆನಪಿನ ಪುರಭವನದ ಕೆಲಸ ಆರಂಭವಾಯಿತು. ಮೈಸೂರಿನವರ ಬಾಯಲ್ಲಿ ಅದು ಟೌನ್ ಹಾಲ್. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು, ತಾಲ್ಲೂಕುಗಳಿಂದ ಬಂದವರ ಅಹವಾಲನ್ನು ಸರ್ಕಾರ ಕೂತು ಕೇಳುವಂತೆ ಮಾಡಿದ ದಿವಾನರು ಅವರು. ಅವರ ಹೆಸರಿನಲ್ಲಿ ಎದ್ದದ್ದು ಭಾಷಣ, ನಾಟಕ, ಸಂಗೀತಗಳ ಮನೆ. ಜಗನ್ಮೋಹನ ಅರಮನೆಯ ಸಭಾಂಗಣವೂ 1900ರ ಹೊತ್ತಿನದು. ನಾಲ್ವಡಿಯವರ ಮದುವೆಗೆಂದು ಎದ್ದ ಆ ಮಂಟಪದಲ್ಲಿ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲ ಘಟಿಕೋತ್ಸವಗಳೂ ದಸರಾ ಸಂಗೀತವೂ ನಡೆದವು.

ಫಿಲೋಮಿನಾಕ್ಕೆ ಅಡಿಗಲ್ಲು ಬಿದ್ದ ಎರಡು ವರ್ಷಕ್ಕೆ, 1935ರಲ್ಲಿ, ಇದೇ ಊರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಒಂದು ಬಾನುಲಿ ಕೇಂದ್ರ ತೆರೆದು ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಒಂದು ಕಡೆ ದನಿಯನ್ನು ತುಂಬಿಕೊಳ್ಳುವ ಮಹಾ ಕಟ್ಟಡ ಏಳುತ್ತಿದ್ದಾಗಲೇ, ಇನ್ನೊಂದು ಕಡೆ ದನಿಗೆ ಕಟ್ಟಡವೇ ಬೇಡ ಎನ್ನುವ ಯಂತ್ರ ಕೆಲಸ ಶುರುಮಾಡಿತು. ಮೈಕಿನ ಯುಗ ಹೀಗೆ ಬಂತು. ಒಳ್ಳೆಯದನ್ನೂ ತಂತು, ಒಂದು ಸೋಮಾರಿತನವನ್ನೂ ತಂತು.

ಆ ಬದಲಾವಣೆಯನ್ನು ಕಾಣಬೇಕಾದರೆ ನಮ್ಮ ಹಳ್ಳಿಯ ನಾಟಕಕ್ಕೆ ಹೋಗಬೇಕು. ಸುಗ್ಗಿ ಮುಗಿದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಊರುಗಳಲ್ಲಿ ಕುರುಕ್ಷೇತ್ರವೋ ಶನಿಪ್ರಭಾವವೋ ದಕ್ಷಯಜ್ಞವೋ ಆಗುತ್ತದೆ. ಊರ ಮುಂದಿನ ಬಯಲಿನಲ್ಲಿ ಬಾಡಿಗೆಯ ಡ್ರಾಮಾ ಸೀನರಿ ಎದ್ದು ನಿಲ್ಲುತ್ತದೆ. ಅರಮನೆ, ಕಾಡು, ಬೀದಿ, ಒಂದರ ಹಿಂದೆ ಒಂದು ಪರದೆ. ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು ಮಾಡಿಸಿದವರು ಅವರೇ. ದುರ್ಯೋಧನ ಬಂದವನೇ ಎತ್ತರದ ಶ್ರುತಿಯಲ್ಲಿ ಕಂದ ಎತ್ತುತ್ತಾನೆ. ಪಟ್ಟಣದವರು ಇದನ್ನು ಕಿರುಚಾಟ ಎಂದು ನಗುವುದುಂಟು. ಅದು ಬಯಲಿನ ವಿದ್ಯೆ. ಬಯಲಿಗೆ ಗೋಡೆ ಇಲ್ಲ, ದನಿಯನ್ನು ಹಿಂದಕ್ಕೆ ಕೊಡುವವರು ಯಾರೂ ಇಲ್ಲ. ತಾರಸ್ಥಾಯಿಯಲ್ಲಿ ಸ್ವರ ಎಳೆದು ಹಾಡಿದರೆ ಗುಂಪಿನ ಗಲಾಟೆಯನ್ನು ಸೀಳಿಕೊಂಡು ದೂರ ಹೋಗುತ್ತದೆ. ರಂಗದ ಹಿಂದಿನ ಪರದೆಗಳು ಕಲ್ಲಿನ ಗೋಡೆಯಂತೆ ದನಿ ಎಸೆಯುವುದಿಲ್ಲವಾದ್ದರಿಂದ ನಟ ಜನರತ್ತ ಮುಖಮಾಡಿಯೇ ಮಾತಾಡುತ್ತಿದ್ದ, ಭೀಮನ ಜೊತೆ ಜಗಳವಾದರೂ ಭೀಮನ ಕಡೆ ತಿರುಗುತ್ತಿರಲಿಲ್ಲ.

ಈಗ ರಂಗದ ಮೇಲೆ ತಂತಿಗೆ ಕಟ್ಟಿದ ಮೂರು ನಾಲ್ಕು ಮೈಕು ತೂಗಾಡುತ್ತಿರುತ್ತವೆ. ಕೃಷ್ಣ ಬಂದರೆ ಮೈಕಿನ ಕೆಳಗೆ, ಕರ್ಣ ಬಂದರೆ ಮೈಕಿನ ಕೆಳಗೆ. ಎರಡು ಹೆಜ್ಜೆ ಆಚೆ ಹೋದರೆ ದನಿ ಮಾಯ. ಹಾಗಾಗಿ ರಂಗದ ಉದ್ದಗಲಕ್ಕೂ ಓಡಾಡುತ್ತಿದ್ದ ಪಾತ್ರಗಳು ಗೂಟಕ್ಕೆ ಕಟ್ಟಿದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತವೆ.

ಇದಕ್ಕೆ ಬೇರೆ ದಾರಿ ಹುಡುಕಿದವರೂ ಮೈಸೂರಿನಲ್ಲೇ ಇದ್ದಾರೆ. 1989ರಲ್ಲಿ ಕಲಾಮಂದಿರದ ಆವರಣದಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರು ಬಿ.ವಿ. ಕಾರಂತರು. ಕೈಗೆ ಸಿಕ್ಕ ವಸ್ತುವಿನಿಂದ ನಾದ ಎಬ್ಬಿಸುವುದರಲ್ಲಿ ಅವರ ಕಿವಿಗೆ ಸರಿಸಾಟಿ ಇರಲಿಲ್ಲ. ಆ ಆವರಣದಲ್ಲಿ ನಟನ ಉಸಿರೂ ಕೇಳುವಷ್ಟು ಹತ್ತಿರ ಜನ ಕೂರುವ ಭೂಮಿಗೀತ ಇದೆ, ಮರಗಳ ನಡುವೆ ಮೆಟ್ಟಿಲಿನ ಮೇಲೆ ಕೂತು ನೋಡುವ ವನರಂಗ ಇದೆ. ಒಂದು ಭರತನ ದಾರಿ, ಇನ್ನೊಂದು ಎಪಿಡೌರಸ್ಸಿನ ದಾರಿ ಎನ್ನಬಹುದು. ಬಹುರೂಪಿ ನಾಟಕೋತ್ಸವಕ್ಕೆ ಹೋದವರು ಎರಡರಲ್ಲೂ ಕೂತು ವ್ಯತ್ಯಾಸವನ್ನು ತಾವೇ ಕೇಳಬಹುದು.

ಕಟ್ಟಡದಲ್ಲಿ ಚಾವಣಿಯ ಪಾಲೆಷ್ಟು ಎಂದು ತಿಳಿಯಬೇಕಾದರೆ ಪಕ್ಕದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂದಮೇಲೆ ಊರು ತೆರವಾಯಿತು. ಮಳೆಗಾಲದಲ್ಲಿ ಅರೆಮುಳುಗಿ, ಬೇಸಗೆಯಲ್ಲಿ ಎದ್ದು ನಿಲ್ಲುವ ಅದರ ಗೋಡೆ, ಕಮಾನುಗಳ ಚಿತ್ರ ಎಲ್ಲ ಕಡೆ ಓಡಾಡುತ್ತದೆ. ಚಿತ್ರದಲ್ಲಿ ದನಿ ಕಳೆದುಹೋದದ್ದು ಕಾಣುವುದಿಲ್ಲ. ಒಳಗೆ ನಿಂತು ಕೂಗಿದರೆ ಗೊತ್ತಾಗುತ್ತದೆ. ಚಾವಣಿ ಇಲ್ಲದೆ ದನಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಅಲ್ಲಿ ಹಾಡುತ್ತಿದ್ದವರಿಗೆ ಜೊತೆಗೂಡುತ್ತಿದ್ದ ಅನುರಣನವನ್ನು ಯಾವ ಜೀರ್ಣೋದ್ಧಾರವೂ ಗೋಡೆಯೊಂದರಿಂದಲೇ ವಾಪಸು ತರಲಾರದು. ಸ್ಮಾರಕ ಉಳಿಸುವುದೆಂದರೆ ಅದರ ಒಳಗಿನ ದನಿಯನ್ನೂ ಉಳಿಸುವುದು ಎಂದು ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ಹೇಳಿದ್ದು ಹಳೆಯದನ್ನು ಹೊಗಳಿ ಸುಮ್ಮನಾಗುವುದಕ್ಕಲ್ಲ. ನಮ್ಮ ತಾಲ್ಲೂಕು, ಹೋಬಳಿಗಳಲ್ಲೂ ಸಮುದಾಯ ಭವನ, ರಂಗಮಂದಿರಗಳು ಏಳುತ್ತಲೇ ಇವೆ. ಒಳಗೆ ಹೋಗಿ ನೋಡಿ. ನೆಲಕ್ಕೆ ನುಣುಪು ಟೈಲ್ಸು, ಗೋಡೆಗೆ ಎಣ್ಣೆ ಬಣ್ಣ, ಮೇಲೆ ಕಬ್ಬಿಣದ ಶೀಟು. ಮೂರೂ ಸದ್ದನ್ನು ಎಸೆಯುವಂಥವೇ. ಮಳೆ ಬಂತೆಂದರೆ ಶೀಟಿನ ಸದ್ದಿಗೆ ಸಭೆ ನಿಲ್ಲಬೇಕು. ಮಾತು ತಿಳಿಯದೆಂದು ಮೈಕು ಜೋರು ಮಾಡುತ್ತಾರೆ. ಜೋರಾದಷ್ಟೂ ಅನುರಣನ ಜೋರು, ಗೊಂದಲ ಇನ್ನೂ ಹೆಚ್ಚು. ಕಾಯಿಲೆ ಕಟ್ಟಡದ್ದು, ಮದ್ದು ಕೊಡುವುದು ಮೈಕಿಗೆ.

ಇದಕ್ಕೆ ಕೋಟಿ ರೂಪಾಯಿಯ ಉಪಾಯವೇನೂ ಬೇಡ, ಕಟ್ಟುವ ಮೊದಲೇ ಯೋಚಿಸಿದರೆ ಸಾಕು. ಭವನವನ್ನು ಬೇಕಾಗಿದ್ದಕ್ಕಿಂತ ದೊಡ್ಡದು ಮಾಡಬೇಡಿ. ನೆಲವನ್ನು ರಂಗದ ಕಡೆಗೆ ಇಳಿಜಾರು ಮಾಡಿ ಅಥವಾ ರಂಗವನ್ನು ಎತ್ತರಿಸಿ. ಪ್ರೇಕ್ಷಕರ ಹಿಂದಿನ ಗೋಡೆಗೆ ನುಣುಪು ಗಾರೆಯ ಬದಲು ಜಾಲಿ ಇಟ್ಟಿಗೆ, ತೂತು ಹಲಗೆ, ತೆಂಗಿನ ನಾರಿನ ಮಂದವಾದ ಚಾಪೆ, ಸೆಣಬಿನ ದಪ್ಪ ಪರದೆ ಇವುಗಳಲ್ಲಿ ಯಾವುದಾದರೂ ಬರಲಿ. ಶೀಟಿನ ಕೆಳಗೆ ಒಂದು ಒಳಚಾವಣಿ ಇರಲಿ. ರಂಗದ ಹಿಂದಿನ ಗೋಡೆ ಮಾತ್ರ ಗಟ್ಟಿಯಾಗಿರಲಿ, ನಟನ ದನಿಯನ್ನು ಅದು ಮುಂದಕ್ಕೆ ತಳ್ಳುತ್ತದೆ. ಉದ್ಘಾಟನೆಯ ಮೊದಲು ಒಂದು ಪರೀಕ್ಷೆಯೂ ಆಗಲಿ. ಮೈಕು ಆರಿಸಿ, ರಂಗದ ಮೇಲೆ ನಿಂತು ಯಾರಾದರೂ ಅಂದಿನ ಪತ್ರಿಕೆಯ ಒಂದು ಸುದ್ದಿ ಓದಲಿ. ಕಡೆಯ ಸಾಲಿನವರು ಅದನ್ನು ತಿರುಗಿ ಹೇಳಿದರೆ ಭವನ ಪಾಸು.

ಆಮೇಲೆ ಜಾಗ ಅದಲುಬದಲು ಮಾಡಿ, ಕಡೆಯ ಸಾಲಿನವರು ಮಾತಾಡಲಿ, ರಂಗದ ಮೇಲಿನವರು ಕೇಳಲಿ. ಯಾಕೆಂದರೆ ನಾಟಕ ವರ್ಷಕ್ಕೊಮ್ಮೆ, ಉಳಿದ ದಿನ ಆ ಭವನದಲ್ಲಿ ನಡೆಯುವುದು ಗ್ರಾಮಸಭೆ, ಸ್ತ್ರೀಶಕ್ತಿ ಸಂಘದ ಸಭೆ, ತಂಬಾಕು ಬೆಳೆಗಾರರ ಸಭೆ. ವೇದಿಕೆಯ ಮೇಲಿರುವ ಅಧಿಕಾರಿಯ ಮುಂದೆ ಮೈಕು ಇರುತ್ತದೆ. ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು ಬಾಗಿಲ ಹತ್ತಿರ ನಿಂತು ಕೇಳುವ ಹೆಂಗಸಿನ ಮುಂದೆ ಇರುವುದಿಲ್ಲ. ಆ ಪ್ರಶ್ನೆಯನ್ನು ವೇದಿಕೆಯವರೆಗೆ ಮುಟ್ಟಿಸುವ ಕಟ್ಟಡವನ್ನೇ ನಾನು ಒಳ್ಳೆಯ ವಾಸ್ತುಶಿಲ್ಪ ಎನ್ನುತ್ತೇನೆ. ಗೋಪುರ ಇಲ್ಲದಿದ್ದರೂ ಅದು ಊರಿನ ಹೆಗ್ಗುರುತೇ.